ಭೂಗೋಳ ವಿದ್ಯಾರ್ಥಿಗಳಿಗೆ ಕ್ರೆಡಿಟ್ ಇರುವ ಇಂಟರ್ನ್‌ಶಿಪ್: ಕೆಲಸಕ್ಕೆ ಸೇರುವ ಮೊದಲೇ ಮುಗಿಸಬೇಕಾದ ಕೆಲಸ

‘ಎರಡು ತಿಂಗಳ ಇಂಟರ್ನ್‌ಶಿಪ್ ಮುಗಿಸಿದ್ದೇನೆ, ಪ್ರಮಾಣಪತ್ರವೂ ಕೈಯಲ್ಲಿದೆ. ಇದಕ್ಕೆ ಕ್ರೆಡಿಟ್ ಪಡೆಯುವುದು ಹೇಗೆ?’ ಭೂಗೋಳಶಾಸ್ತ್ರದ ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಹೇಳುವಾಗ ಪ್ರತಿ ಸಲವೂ ಸಂಕಟವಾಗುತ್ತದೆ. ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳು ಮುಗಿದುಹೋದ ಕೆಲಸಕ್ಕೆ ಹಿಂದಿನ ದಿನಾಂಕದಿಂದ ಕ್ರೆಡಿಟ್ ಕೊಡುವುದಿಲ್ಲ. ಮಾಡಿದ ಕೆಲಸ ಎಷ್ಟೇ ಚೆನ್ನಾಗಿರಲಿ, ಅನುಮತಿ ಮೊದಲೇ ಪಡೆದಿರದಿದ್ದರೆ ಅದು ಅನುಭವದ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ. ಈ ಲೇಖನದಿಂದ ನೀವು ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಿರಲಿ: ಸಹಿ ಮೊದಲು, ಕೆಲಸ ಆಮೇಲೆ.

ಕ್ರೆಡಿಟ್ ಎಂದರೆ ಪದವಿಗೆ ಬೇಕಾದ ಕಲಿಕೆಯನ್ನು ಅಳೆಯುವ ಮಾನ. ಕ್ರೆಡಿಟ್ ಇರುವ ಇಂಟರ್ನ್‌ಶಿಪ್ಪನ್ನು ಒಂದು ಪಠ್ಯವಿಷಯದಂತೆಯೇ ನೋಡಬೇಕು. ಅದಕ್ಕೆ ನೋಂದಣಿ ಇದೆ, ಮೌಲ್ಯಮಾಪನ ಇದೆ, ಅನುತ್ತೀರ್ಣರಾಗುವ ಸಾಧ್ಯತೆಯೂ ಇದೆ. ಅದರಲ್ಲಿ ಮೂವರು ಇರುತ್ತಾರೆ: ನೀವು, ನಿಮ್ಮ ವಿಭಾಗದ ಮಾರ್ಗದರ್ಶಕರು ಮತ್ತು ಕೆಲಸ ಕೊಡುವ ಸಂಸ್ಥೆಯ ಮೇಲ್ವಿಚಾರಕರು. ಈ ಮೂವರೂ ಒಂದೇ ಕಾಗದವನ್ನು ಓದಿ ಒಪ್ಪಿರಬೇಕು. ಮುಂದಿನ ಹಂತಗಳೆಲ್ಲವೂ ಆ ಕಾಗದದ ಸುತ್ತಲೇ ಇವೆ.

ಸಮಯದ ವಿಷಯದಲ್ಲಿ ಉದಾರವಾಗಿರಿ. ಕೆಲಸ ಆರಂಭವಾಗಬೇಕಾದ ದಿನಕ್ಕಿಂತ ಕನಿಷ್ಠ ನಾಲ್ಕು ತಿಂಗಳು ಮುಂಚೆ ಹೊರಡಿ. ಸರ್ಕಾರಿ ಇಲಾಖೆಗಳಲ್ಲಿ, ಅದರಲ್ಲೂ ಭೂಮಾಪನ, ರಕ್ಷಣೆ ಅಥವಾ ಗಡಿಗೆ ಸಂಬಂಧಿಸಿದ ನಕ್ಷೆಗಳಿರುವ ಕಡೆ, ಹಿನ್ನೆಲೆ ಪರಿಶೀಲನೆಗೇ ವಾರಗಟ್ಟಲೆ ಹಿಡಿಯುತ್ತದೆ.

1. ನಿಮ್ಮ ವಿಭಾಗದ ನಿಯಮವನ್ನು ನೀವೇ ಓದಿ

ಹಿರಿಯ ವಿದ್ಯಾರ್ಥಿಗಳ ಮಾತನ್ನು ನಂಬಿ ಹೊರಡಬೇಡಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ವಿಭಾಗದ ಕೈಪಿಡಿ ಅಥವಾ ಪಠ್ಯಕ್ರಮದ ದಾಖಲೆಯನ್ನು ತೆರೆದು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಎಷ್ಟು ಕ್ರೆಡಿಟ್, ಅದಕ್ಕೆ ಎಷ್ಟು ಗಂಟೆ? ಯಾವ ಸೆಮಿಸ್ಟರ್ ಮುಗಿದಿರಬೇಕು? ಕನಿಷ್ಠ ಅಂಕದ ಷರತ್ತು ಇದೆಯೇ? ಈ ಕ್ರೆಡಿಟ್ ಮುಖ್ಯ ವಿಷಯಕ್ಕೆ ಸೇರುತ್ತದೆಯೇ, ಐಚ್ಛಿಕಕ್ಕೆ ಸೇರುತ್ತದೆಯೇ? ವೇತನ ಪಡೆದರೆ ಕ್ರೆಡಿಟ್ ಸಿಗುತ್ತದೆಯೇ? ರಜೆಯಲ್ಲಿ ಮಾಡಿದರೆ ಪ್ರತ್ಯೇಕ ನೋಂದಣಿ ಮತ್ತು ಶುಲ್ಕ ಇದೆಯೇ?

ಗಂಟೆಗಳ ಲೆಕ್ಕ ಎಲ್ಲೆಡೆ ಒಂದೇ ಅಲ್ಲ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ 1 ಕ್ರೆಡಿಟ್ ಎಂದರೆ ಸಾಮಾನ್ಯವಾಗಿ 25ರಿಂದ 30 ಗಂಟೆಗಳ ಶ್ರಮ. ಭಾರತದ ಯುಜಿಸಿ ಮಾರ್ಗಸೂಚಿಯಲ್ಲಿ ಇಂಟರ್ನ್‌ಶಿಪ್ಪಿನ 1 ಕ್ರೆಡಿಟ್‌ಗೆ 30 ಗಂಟೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು 40ಕ್ಕೂ ಹೆಚ್ಚು ಗಂಟೆ ಕೇಳುತ್ತವೆ. ಹಾಗಾಗಿ ‘ನಾಲ್ಕು ಕ್ರೆಡಿಟ್ ಇಂಟರ್ನ್‌ಶಿಪ್’ ಎಂದರೆ ಒಂದು ಕಡೆ ಮೂರು ವಾರದ ಪೂರ್ಣಾವಧಿ ಕೆಲಸ, ಇನ್ನೊಂದು ಕಡೆ ಒಂದು ತಿಂಗಳು ಅಥವಾ ಅದಕ್ಕೂ ಹೆಚ್ಚಿನ ಕೆಲಸ. ವರದಿ ಬರೆಯುವ ಸಮಯ ಈ ಗಂಟೆಗಳ ಒಳಗೇ ಬರುತ್ತದೆಯೇ ಎಂಬುದನ್ನೂ ಕೇಳಿ. ಯಾರೂ ಕೇಳದೆ ಕೊನೆಯಲ್ಲಿ ಪರದಾಡುವ ಪ್ರಶ್ನೆ ಅದು.

ವಿದೇಶದಲ್ಲಿ ಓದುತ್ತಿರುವವರಿಗೆ ಪ್ರತ್ಯೇಕ ಎಚ್ಚರಿಕೆ. ಕ್ರೆಡಿಟ್‌ಗಾಗಿ ಮಾಡಿದರೂ, ಕೆಲವೊಮ್ಮೆ ವೇತನವಿಲ್ಲದೆ ಮಾಡಿದರೂ, ವೀಸಾ ನಿಯಮದ ಕಣ್ಣಿಗೆ ಅದು ಉದ್ಯೋಗವೇ ಆಗಬಹುದು. ಉದಾಹರಣೆಗೆ ಅಮೆರಿಕದಲ್ಲಿ ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿಗಳು ಪಠ್ಯಕ್ರಮದ ಭಾಗವಾದ ತರಬೇತಿಗೆ ಸಿಪಿಟಿ ಎಂಬ ಅನುಮತಿಯನ್ನು ಕೆಲಸ ಆರಂಭವಾಗುವ ಮೊದಲೇ ಪಡೆಯಬೇಕು. ಪೂರ್ಣಾವಧಿ ಸಿಪಿಟಿ 12 ತಿಂಗಳು ತಲುಪಿದರೆ, ಅದೇ ಹಂತದ ಪದವಿಯ ನಂತರ ಅಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ ಕೈತಪ್ಪುತ್ತದೆ. ಇಂಥ ವಿಷಯದಲ್ಲಿ ಪ್ರಾಧ್ಯಾಪಕರ ಭರವಸೆ ಸಾಲದು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಲಿಖಿತ ಉತ್ತರವೇ ಬೇಕು.

2. ಮೊದಲು ಪ್ರಶ್ನೆ, ಆಮೇಲೆ ಸಂಸ್ಥೆ

‘ಎಲ್ಲಿಯಾದರೂ ಜಿಐಎಸ್ ಕೆಲಸ ಸಿಕ್ಕರೆ ಸಾಕು’ ಎಂದು ಹೊರಟವರಿಗೆ ಎಲ್ಲಿಯಾದರೂ ಸಿಗುವ ಕೆಲಸವೇ ಸಿಗುತ್ತದೆ. (ಜಿಐಎಸ್ ಎಂದರೆ ಸ್ಥಳಕ್ಕೆ ಅಂಟಿಕೊಂಡ ಮಾಹಿತಿಯನ್ನು ಪದರ ಪದರವಾಗಿ ಇಟ್ಟು ವಿಶ್ಲೇಷಿಸುವ ಭೌಗೋಳಿಕ ಮಾಹಿತಿ ವ್ಯವಸ್ಥೆ.) ಬೆಳಗಿನಿಂದ ಸಂಜೆಯವರೆಗೆ ಉಪಗ್ರಹ ಚಿತ್ರದ ಮೇಲೆ ಕಟ್ಟಡಗಳ ಅಂಚನ್ನು ಮೌಸ್ ಹಿಡಿದು ಗೀಚುತ್ತಾ ಕೂರುವ ಕೆಲಸಕ್ಕೆ ಡಿಜಿಟೈಸ್ ಮಾಡುವುದು ಎನ್ನುತ್ತಾರೆ. ಅದು ಬೇಕಾದ ಕೆಲಸವೇ. ಮೊದಲ ವಾರ ಕೈ ಪಳಗಲು ಒಳ್ಳೆಯದು. ಎಂಟು ವಾರವೂ ಅದೇ ಆದರೆ ವರದಿಯಲ್ಲಿ ಬರೆಯಲು ನಿಮಗೆ ಏನೂ ಉಳಿಯುವುದಿಲ್ಲ.

ಆದ್ದರಿಂದ ನಿಮ್ಮನ್ನು ಕಾಡುವ ಒಂದು ಭೌಗೋಳಿಕ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಬಸ್ ನಿಲ್ದಾಣಕ್ಕೆ ಹತ್ತು ನಿಮಿಷ ನಡೆದು ತಲುಪಲಾಗದ ಮನೆಗಳು ಎಲ್ಲಿ ಗುಂಪುಗೂಡಿವೆ?’ ‘ಪ್ರವಾಹದ ಎಚ್ಚರಿಕೆ ಮೊದಲು ಯಾರಿಗೆ ತಲುಪುತ್ತದೆ, ಯಾರಿಗೆ ತಲುಪುವುದೇ ಇಲ್ಲ?’ ಪ್ರಶ್ನೆ ಸಿಕ್ಕಿತೆಂದರೆ ಸಂಸ್ಥೆಗಳ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಮೊದಲನೆಯದಕ್ಕೆ ಸಾರಿಗೆ ಸಂಸ್ಥೆ, ನಗರ ಯೋಜನಾ ವಿಭಾಗ, ನಕ್ಷೆ ತಯಾರಿಸುವ ಕಂಪನಿ. ಎರಡನೆಯದಕ್ಕೆ ವಿಪತ್ತು ನಿರ್ವಹಣಾ ಕಚೇರಿ, ಜಲಸಂಪನ್ಮೂಲ ಇಲಾಖೆ, ಪರಿಹಾರ ಕಾರ್ಯದಲ್ಲಿರುವ ಸ್ವಯಂಸೇವಾ ಸಂಸ್ಥೆ.

ಕಂಪ್ಯೂಟರ್ ಮುಂದೆ ಕೂರುವುದೇ ಭೂಗೋಳ ಎಂದುಕೊಳ್ಳಬೇಡಿ. ಮಾನವ ಭೂಗೋಳದಲ್ಲಿ ಆಸಕ್ತಿ ಇರುವವರಿಗೆ ವಲಸಿಗರ ಜೊತೆ ಕೆಲಸ ಮಾಡುವ ಸಂಸ್ಥೆಗಳು, ವಸತಿ ಸಮೀಕ್ಷೆಗಳು, ಹಳೆಯ ನಕ್ಷೆಗಳನ್ನು ಕಾಪಾಡುವ ಪತ್ರಾಗಾರಗಳು ಇವೆ. ಭೌತ ಭೂಗೋಳದವರಿಗೆ ನದಿಯ ಹರಿವು, ಮಣ್ಣಿನ ಸವಕಳಿ, ಕರಾವಳಿಯ ಕೊರೆತವನ್ನು ಅಳೆಯುವ ಕಚೇರಿಗಳಿವೆ. ಅರ್ಜಿದಾರರು ಕಡಿಮೆ ಇರುವ ಇಂಥ ಕಡೆ ನಿಮ್ಮ ಪತ್ರವನ್ನು ಗಮನವಿಟ್ಟು ಓದುತ್ತಾರೆ.

3. ತೋರಿಸಲು ಒಂದು ನಕ್ಷೆ ಇರಲಿ

ಸ್ವವಿವರದಲ್ಲಿ ‘ಜಿಐಎಸ್ ಬಲ್ಲೆ’ ಎಂಬ ಸಾಲು ಇರುವುದಕ್ಕಿಂತ ನೀವೇ ಮಾಡಿದ ಒಂದು ನಕ್ಷೆ ಜೊತೆಗಿದ್ದರೆ ಹತ್ತು ಪಟ್ಟು ತೂಕ. ಇದಕ್ಕೆ ಹಣ ಬೇಡ. ಕ್ಯೂಜಿಐಎಸ್ ತಂತ್ರಾಂಶ ಉಚಿತ. ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳ ಸಂಗ್ರಹ 1972ರಿಂದ ಇದೆ, 2008ರಿಂದ ಎಲ್ಲರಿಗೂ ಉಚಿತವಾಗಿದೆ. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳೂ ಸಿಗುತ್ತವೆ.

ನಿಮಗೆ ಗೊತ್ತಿರುವ ಒಂದು ಕೆರೆಯನ್ನು ಆರಿಸಿಕೊಳ್ಳಿ. ಇಪ್ಪತ್ತು ವರ್ಷಗಳ ಅಂತರದ ಎರಡು ಚಿತ್ರಗಳನ್ನು, ಒಂದೇ ಋತುವಿನವು, ತೆಗೆದುಕೊಳ್ಳಿ. ನೀರು ಅವಕೆಂಪಿನ ಬೆಳಕನ್ನು ಹೀರಿಕೊಳ್ಳುವುದರಿಂದ ಸಮೀಪದ ಅವಕೆಂಪು ಪಟ್ಟಿಯಲ್ಲಿ, ಅಂದರೆ ಉಪಗ್ರಹ ಆ ಬೆಳಕನ್ನಷ್ಟೇ ದಾಖಲಿಸಿದ ಚಿತ್ರದಲ್ಲಿ, ಕೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಅಂಚನ್ನು ಗುರುತಿಸಿ ವಿಸ್ತೀರ್ಣವನ್ನು ಹೋಲಿಸಿ. ಇಲ್ಲಿಯೇ ನಿಮ್ಮ ತಿಳಿವಳಿಕೆ ಬೆಳಕಿಗೆ ಬರುವ ಮೂರು ಜಾಗಗಳಿವೆ.

ಮೊದಲನೆಯದು ಚುಕ್ಕಿಯ ಗಾತ್ರ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅರ್ಧ ಎಕರೆಯ ಹೊಂಡ ಅದರಲ್ಲಿ ಎರಡೇ ಚುಕ್ಕಿ. ಅಂಥದ್ದು ಕುಗ್ಗಿದೆಯೋ ಹಿಗ್ಗಿದೆಯೋ ಎಂದು ಆ ಚಿತ್ರದಿಂದ ಹೇಳಲಾಗದು. ಸೆಂಟಿನೆಲ್-2ರ ಉತ್ತಮ ಪಟ್ಟಿಗಳಲ್ಲಿ ಚುಕ್ಕಿ 10 ಮೀಟರ್. ಎರಡನೆಯದು ಲ್ಯಾಂಡ್‌ಸ್ಯಾಟ್ 7. 2003ರ ಮೇ ಕೊನೆಯಲ್ಲಿ ಅದರ ಒಂದು ಭಾಗ ಕೆಟ್ಟುಹೋಗಿ, ನಂತರದ ಚಿತ್ರಗಳಲ್ಲೆಲ್ಲ ಮಾಹಿತಿ ಇಲ್ಲದ ಪಟ್ಟೆಗಳು ಉಳಿದಿವೆ. ಅದು ತಿಳಿಯದೆ ಆ ಪಟ್ಟೆಗಳನ್ನೂ ನೀರೆಂದು ಎಣಿಸಬೇಡಿ. ಮೂರನೆಯದು ಪ್ರಕ್ಷೇಪ, ಎಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವ ವಿಧಾನ. ಮೊಬೈಲ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ ಹಾಳೆಯ ಮೇಲಿನ ವಿಸ್ತೀರ್ಣವನ್ನೇ ಅಳೆದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದು ನಿಜಕ್ಕಿಂತ ಸುಮಾರು ನಾಲ್ಕು ಪಟ್ಟು ಬರುತ್ತದೆ. ವಿಸ್ತೀರ್ಣ ಅಳೆಯುವ ಮೊದಲು ವಿಸ್ತೀರ್ಣ ಬದಲಾಗದ ಸಮಕ್ಷೇತ್ರ ಪ್ರಕ್ಷೇಪಕ್ಕೆ ಅಥವಾ ಭೂಮಿಯನ್ನು ಉದ್ದುದ್ದ ವಲಯಗಳಾಗಿ ವಿಂಗಡಿಸುವ ಯುಟಿಎಂ ಪದ್ಧತಿಯಲ್ಲಿ ಆ ಜಾಗ ಬರುವ ವಲಯಕ್ಕೆ ಬದಲಾಯಿಸಿಕೊಳ್ಳಿ.

ನಕ್ಷೆಯ ಕೆಳಗೆ ಈ ಮಿತಿಗಳನ್ನು ಎರಡು ಸಾಲಿನಲ್ಲಿ ಬರೆಯಿರಿ. ಅನುಭವಿ ಮೇಲ್ವಿಚಾರಕರು ಬಣ್ಣಕ್ಕಿಂತ ಮೊದಲು ಆ ಎರಡು ಸಾಲನ್ನು ನೋಡುತ್ತಾರೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ಇನ್ನೂ ಅಭ್ಯಾಸ ಬೇಕೆನಿಸಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಆರಂಭವಾದ ಈ ಮುಕ್ತ ನಕ್ಷೆಗೆ ಯಾರು ಬೇಕಾದರೂ ರಸ್ತೆ, ಕಟ್ಟಡಗಳನ್ನು ಸೇರಿಸಬಹುದು. 2010ರ ಹೈಟಿ ಭೂಕಂಪದ ನಂತರ ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ಪೋರ್ಟ್-ಓ-ಪ್ರಿನ್ಸ್ ನಗರದ ನಕ್ಷೆಯನ್ನು ಹೀಗೆಯೇ ಕೆಲವೇ ದಿನಗಳಲ್ಲಿ ತುಂಬಿಸಿ ಪರಿಹಾರ ತಂಡಗಳಿಗೆ ನೆರವಾದರು. ಮೇಲ್ವಿಚಾರಕರಿಲ್ಲದ ಸ್ವಯಂಸೇವೆಗೆ ಸಾಮಾನ್ಯವಾಗಿ ಕ್ರೆಡಿಟ್ ಸಿಗುವುದಿಲ್ಲ, ಆದರೆ ಅರ್ಜಿಯ ಜೊತೆ ತೋರಿಸಲು ಅದು ಗಟ್ಟಿಯಾದ ಕೆಲಸ.

4. ಪತ್ರ ಬರೆಯುವುದು

ನೂರು ಜನರಿಗೆ ಒಂದೇ ಪತ್ರ ಕಳಿಸುವುದಕ್ಕಿಂತ ಹತ್ತು ಸಂಸ್ಥೆಗಳಿಗೆ ಹತ್ತು ಬೇರೆ ಪತ್ರ ಬರೆಯಿರಿ. ಸಂಸ್ಥೆಯ ಸಾಮಾನ್ಯ ವಿಳಾಸಕ್ಕೆ ಕಳಿಸಿದ್ದು ಎಲ್ಲೋ ಕಳೆದುಹೋಗುತ್ತದೆ. ನಕ್ಷೆ ಅಥವಾ ಸಮೀಕ್ಷೆಯ ಕೆಲಸವನ್ನು ನಿಜವಾಗಿ ಮಾಡಿಸುವ ಅಧಿಕಾರಿ ಯಾರೆಂದು ಹುಡುಕಿ ಅವರಿಗೇ ಬರೆಯಿರಿ. ಪತ್ರ ಹೀಗಿರಲಿ:

‘ಮಾನ್ಯರೇ, ನಾನು ಭೂಗೋಳಶಾಸ್ತ್ರ ಪದವಿಯ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ತಮ್ಮ ಸಂಸ್ಥೆ ಪ್ರಕಟಿಸಿದ ಕೆರೆಗಳ ನಕ್ಷೆಯನ್ನು ನೋಡಿದೆ. ಅದರಲ್ಲಿ ಅಂಚುಗಳನ್ನು ಬೇಸಿಗೆಯ ಚಿತ್ರದಿಂದ ಗುರುತಿಸಲಾಗಿದೆ. ಮಳೆಯ ನಂತರದ ಅಂಚುಗಳನ್ನೂ ಗುರುತಿಸಿ ಹೋಲಿಸುವ ಕೆಲಸದಲ್ಲಿ ನೆರವಾಗಬಲ್ಲೆ. ಇಂಥದ್ದೇ ಒಂದು ಸಣ್ಣ ಕೆಲಸವನ್ನು ಲಗತ್ತಿಸಿದ್ದೇನೆ. ನನ್ನ ವಿಶ್ವವಿದ್ಯಾಲಯದ ನಿಯಮದಂತೆ ಈ ಇಂಟರ್ನ್‌ಶಿಪ್‌ಗೆ 120 ಗಂಟೆಗಳ ಕೆಲಸ, ಒಬ್ಬ ಮೇಲ್ವಿಚಾರಕರು ಮತ್ತು ಕೊನೆಯಲ್ಲಿ ಒಂದು ಪುಟದ ಮೌಲ್ಯಮಾಪನ ಬೇಕಾಗುತ್ತದೆ. ಈ ಬಗ್ಗೆ ಹದಿನೈದು ನಿಮಿಷ ಮಾತನಾಡಲು ಅವಕಾಶ ಕೊಡುವಿರಾ?’

ಕೊನೆಯಿಂದ ಎರಡನೆಯ ವಾಕ್ಯವನ್ನು ಮರೆಯಬೇಡಿ. ಕ್ರೆಡಿಟ್ ಎಂದ ಕೂಡಲೇ ತಮ್ಮ ಮೇಲೆ ಎಷ್ಟು ಹೊರೆ ಬೀಳುತ್ತದೋ ಎಂದು ಸಂಸ್ಥೆಗಳು ಹಿಂಜರಿಯುತ್ತವೆ. ಹೊರೆ ಇಷ್ಟೇ ಎಂದು ಮೊದಲೇ ತಿಳಿದರೆ ಒಪ್ಪುವುದು ಸುಲಭ. ಹತ್ತು ದಿನ ಕಳೆದರೂ ಉತ್ತರ ಬರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮುಂದಿನ ಸಂಸ್ಥೆಗೆ ಹೋಗಿ.

ಮಾತುಕತೆಯಲ್ಲಿ ನೀವೂ ಕೇಳಬೇಕು: ದಿನನಿತ್ಯ ನನ್ನ ಕೆಲಸ ನೋಡುವವರು ಯಾರು? ಯಾವ ತಂತ್ರಾಂಶ, ಅದರ ಪರವಾನಗಿ ಯಾರದ್ದು? ಕ್ಷೇತ್ರಕಾರ್ಯ ಇದೆಯೇ, ಪ್ರಯಾಣದ ಖರ್ಚು ಯಾರು ಕೊಡುತ್ತಾರೆ? ತರಬೇತಿಗೆಂದು ಮುಂಗಡ ಹಣ ಕಟ್ಟಿ ಎನ್ನುವ ಸಂಸ್ಥೆಯಿಂದ ಎದ್ದು ಬನ್ನಿ. ಪ್ರಮಾಣಪತ್ರ ಮಾರುವವರ ಬಳಿ ಕಲಿಯುವಂಥದ್ದು ಏನೂ ಇರುವುದಿಲ್ಲ.

5. ಕಲಿಕಾ ಒಪ್ಪಂದ

ಇದೇ ಆ ಕಾಗದ. ಕೆಲವು ವಿಭಾಗಗಳಲ್ಲಿ ಸಿದ್ಧ ನಮೂನೆ ಇರುತ್ತದೆ. ಇಲ್ಲದಿದ್ದರೆ ಒಂದೆರಡು ಪುಟ ನೀವೇ ಬರೆದು ಮೂವರ ಸಹಿ ಪಡೆಯಿರಿ. ಆರಂಭ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ, ಮೇಲ್ವಿಚಾರಕರ ಹೆಸರು, ಮೌಲ್ಯಮಾಪನದ ವಿಧಾನ ಇವೆಲ್ಲ ಹೇಗೂ ಇರುತ್ತವೆ. ಹೆಚ್ಚು ಯೋಚನೆ ಬೇಡುವ ಭಾಗಗಳು ಬೇರೆ.

ಕಲಿಕೆಯ ಗುರಿ ಅಳೆಯುವಂತಿರಬೇಕು. ‘ಜಿಐಎಸ್ ಕಲಿಯುವುದು’ ಎಂದು ಬರೆದರೆ ಮಾರ್ಗದರ್ಶಕರು ವಾಪಸು ಕಳಿಸುತ್ತಾರೆ, ಕಳಿಸಬೇಕು ಕೂಡ. ‘ಮೂರು ವಾರ್ಡುಗಳ ಬಸ್ ನಿಲ್ದಾಣಗಳ ಸ್ಥಾನವನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿ, ನಡಿಗೆಯ ದೂರದ ನಕ್ಷೆ ತಯಾರಿಸಿ, ಅದರ ದೋಷವನ್ನು ಅಂದಾಜಿಸುವುದು’ ಎಂದು ಬರೆಯಿರಿ. ಹೀಗೆ ಬರೆದಿದ್ದರೆ, ಮಧ್ಯದಲ್ಲಿ ನಿಮ್ಮನ್ನು ಬರೀ ಡಿಜಿಟೈಸ್ ಮಾಡಲು ಕೂರಿಸಿದಾಗ ಕಾಗದ ತೋರಿಸಿ ಮಾತನಾಡುವ ಹಕ್ಕು ನಿಮಗಿರುತ್ತದೆ.

ಎರಡನೆಯದು ದತ್ತಾಂಶವನ್ನು ಬಳಸುವ ಹಕ್ಕು. ಸಂಸ್ಥೆಯ ದತ್ತಾಂಶದಿಂದ ಮಾಡಿದ ನಕ್ಷೆಯನ್ನು ವರದಿಯಲ್ಲಿ ಹಾಕಬಹುದೇ? ಮುಂದಿನ ಉದ್ಯೋಗದ ಅರ್ಜಿಗೆ ಲಗತ್ತಿಸಬಹುದೇ? ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ, ಆಮೇಲೆ ನಕ್ಷೆಯೇ ಇಲ್ಲದ ವರದಿ ಕೊಡಬೇಕಾಗಿ ಬಂದ ವಿದ್ಯಾರ್ಥಿಯೊಬ್ಬರನ್ನು ಬಲ್ಲೆ. ಪೂರ್ಣ ಅನುಮತಿ ಸಿಗದಿದ್ದರೆ ಸ್ಥಳದ ಹೆಸರು ತೆಗೆದ ಅಥವಾ ಸರಳಗೊಳಿಸಿದ ನಕ್ಷೆಗಾದರೂ ಅನುಮತಿ ಕೇಳಿ.

ಮೂರನೆಯದು ಜನರಿಂದ ಮಾಹಿತಿ ಪಡೆಯುವ ವಿಷಯ. ಸಂದರ್ಶನ, ಮನೆ ಮನೆ ಸಮೀಕ್ಷೆ ಇದ್ದರೆ, ಮತ್ತು ಅದು ನಿಮ್ಮ ವರದಿಗೂ ಬಳಕೆಯಾಗುವುದಾದರೆ, ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕಾಗಬಹುದು. ಅದು ಮೊದಲ ಸಂದರ್ಶನಕ್ಕಿಂತ ಮುಂಚೆ ಸಿಗಬೇಕು. ಸಂಗ್ರಹಿಸಿದ ನಂತರ ಒಪ್ಪಿಗೆ ಕೇಳುವ ದಾರಿ ಇಲ್ಲ. ಮನೆಯ ಜಿಪಿಎಸ್ ಬಿಂದು ಎಂದರೆ ಹೆಸರು ಅಳಿಸಿದರೂ ಆ ಮನೆಯವರ ಗುರುತೇ ಎಂಬುದನ್ನು ಭೂಗೋಳ ಓದಿದ ನಾವಾದರೂ ಮರೆಯಬಾರದು. ಅಪರೂಪದ ಹಕ್ಕಿಯ ಗೂಡು, ಬೆಲೆಬಾಳುವ ಮರ ಇರುವ ಜಾಗಕ್ಕೂ ಇದೇ ಮಾತು. ನಿಖರ ಬಿಂದುವನ್ನು ಪ್ರಕಟಿಸಿದರೆ ಬೇಟೆಗಾರರಿಗೂ ಕಳ್ಳರಿಗೂ ದಾರಿ ತೋರಿಸಿದ ಹಾಗೆ.

ಕ್ಷೇತ್ರಕಾರ್ಯ ಇದ್ದರೆ ವಿಮೆ ಯಾರದ್ದು ಎಂಬುದೂ ಒಪ್ಪಂದದಲ್ಲಿರಲಿ. ಒಬ್ಬರೇ ಹೋಗಬೇಡಿ, ಹೋಗುವ ದಾರಿ ಮತ್ತು ಮರಳುವ ಹೊತ್ತನ್ನು ಕಚೇರಿಯಲ್ಲಿ ಹೇಳಿ ಹೊರಡಿ.

ಸಹಿ ಆದ ಮೇಲೆ ನೋಂದಣಿ. ಒಪ್ಪಂದಕ್ಕೆ ಸಹಿ ಹಾಕಿಸಿ, ಆದರೆ ಆ ಸೆಮಿಸ್ಟರಿನ ನೋಂದಣಿಯ ಕೊನೆಯ ದಿನಾಂಕ ತಪ್ಪಿಸಿಕೊಂಡವರು ಪ್ರತಿ ವರ್ಷವೂ ಇರುತ್ತಾರೆ. ಎರಡೂ ಆಗುವವರೆಗೆ ಕೆಲಸಕ್ಕೆ ಕೂರಬೇಡಿ.

6. ಕೆಲಸದ ದಿನಗಳು

ದಿನಚರಿ ಬರೆಯಿರಿ, ಅಂದಂದೇ ಬರೆಯಿರಿ. ‘ಇಂದು ಜಿಐಎಸ್ ಕೆಲಸ ಮಾಡಿದೆ, 6 ಗಂಟೆ’ ಎಂಬ ಸಾಲಿನಿಂದ ಎರಡು ತಿಂಗಳ ನಂತರ ನಿಮಗೆ ಏನೂ ನೆನಪಾಗದು. ಹೀಗೆ ಬರೆಯಿರಿ: ‘46 ನಿಲ್ದಾಣಗಳ ಸ್ಥಾನ ಪರಿಶೀಲಿಸಿದೆ. 7 ರಸ್ತೆಯ ಎದುರು ಬದಿಗೆ ಬಿದ್ದಿದ್ದವು. ಮೊಬೈಲ್ ಜಿಪಿಎಸ್‌ನಿಂದ ತೆಗೆದ ಬಿಂದುಗಳವು, ಎಲ್ಲವೂ ಎತ್ತರದ ಕಟ್ಟಡಗಳ ಬೀದಿಯಲ್ಲಿವೆ. ಸ್ಥಳಕ್ಕೆ ಹೋಗಿ ಸರಿಪಡಿಸಬೇಕು.’ ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಸ್ಥಾನ ತೋರಿಸುತ್ತದೆ, ಕಟ್ಟಡಗಳ ನಡುವೆ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ತಪ್ಪು ಹೆಚ್ಚುತ್ತದೆ. ಈ ಒಂದು ದಿನದ ಟಿಪ್ಪಣಿಯೇ ವರದಿಯಲ್ಲಿ ದೋಷ ವಿಶ್ಲೇಷಣೆಯ ಒಂದು ಪುಟವಾಗುತ್ತದೆ.

ಕಡತಗಳ ವಿಷಯದಲ್ಲಿ ಹೊಸಬರು ಎಡವುವ ಜಾಗವೆಂದರೆ ನಕ್ಷೆಯ ಆಕಾರಗಳನ್ನು ಉಳಿಸುವ ರೂಪವಾದ ಶೇಪ್‌ಫೈಲ್. ಹೆಸರು ಒಂದೇ ಆದರೂ ಅದು ಹಲವು ಕಡತಗಳ ಗುಂಪು: ಆಕಾರ ಎಸ್‌ಎಚ್‌ಪಿಯಲ್ಲಿ, ಅನುಕ್ರಮಣಿಕೆ ಎಸ್‌ಎಚ್‌ಎಕ್ಸ್‌ನಲ್ಲಿ, ಕೋಷ್ಟಕ ಡಿಬಿಎಫ್‌ನಲ್ಲಿ, ನಿರ್ದೇಶಾಂಕ ವ್ಯವಸ್ಥೆ ಪಿಆರ್‌ಜೆಯಲ್ಲಿ. ಮೊದಲನೆಯದನ್ನು ಮಾತ್ರ ಇಮೇಲ್ ಮಾಡಿದರೆ ಎದುರಿನವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಜಿಪ್ ಮಾಡಿ ಕಳಿಸಿ. ಕೋಷ್ಟಕದ ಅಂಕಣಗಳ ಹೆಸರು ಅದರಲ್ಲಿ 10 ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ ಎಂಬುದೂ ನೆನಪಿರಲಿ. ಬಿಂದುಗಳೆಲ್ಲ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ಸಮುದ್ರದಲ್ಲಿ ಬಿದ್ದಿದ್ದರೆ ಗಾಬರಿಯಾಗಬೇಡಿ. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆಯಾಗುವ ಜಾಗ ಅದು. ಅಂಕಣಗಳು ಖಾಲಿ ಇವೆ, ಇಲ್ಲವೇ ನಿರ್ದೇಶಾಂಕ ವ್ಯವಸ್ಥೆ ತಪ್ಪಾಗಿದೆ ಎಂದೇ ಅರ್ಥ.

ಅರ್ಧ ಅವಧಿ ಮುಗಿದಾಗ ಮಾರ್ಗದರ್ಶಕರಿಗೆ ಒಂದು ಪುಟದ ಪ್ರಗತಿ ಬರೆದು ಕಳಿಸಿ, ಅವರು ಕೇಳದಿದ್ದರೂ ಸರಿ. ಒಪ್ಪಂದದಂತೆ ಕೆಲಸ ನಡೆಯುತ್ತಿಲ್ಲವಾದರೆ ಹೇಳಬೇಕಾದ ಹೊತ್ತು ಅದೇ. ಮೊದಲು ಮೇಲ್ವಿಚಾರಕರ ಜೊತೆ ನೇರವಾಗಿ ಮಾತನಾಡಿ, ಸರಿಹೋಗದಿದ್ದರೆ ಮಾರ್ಗದರ್ಶಕರನ್ನು ಕರೆತನ್ನಿ. ಗುರಿಯೇ ಬದಲಾಗುವುದಾದರೆ ತಿದ್ದುಪಡಿ ಬರೆದು ಮತ್ತೆ ಮೂವರ ಸಹಿ ಪಡೆಯಿರಿ. ಮನೆಯಿಂದಲೇ ಮಾಡುವ ಇಂಟರ್ನ್‌ಶಿಪ್‌ ಆದರೆ ವಾರಕ್ಕೊಮ್ಮೆ ಪರದೆ ತೋರಿಸಿ ಮಾತನಾಡುವ ಹೊತ್ತನ್ನು ಮೊದಲ ದಿನವೇ ನಿಗದಿ ಮಾಡಿಕೊಳ್ಳಿ.

7. ವರದಿ ಮತ್ತು ಅದರ ನಂತರ

ವರದಿಯ ಮೊದಲ ಹತ್ತು ಪುಟ ಸಂಸ್ಥೆಯ ಇತಿಹಾಸ, ಉದ್ದೇಶ, ಸಿಬ್ಬಂದಿಯ ಪಟ್ಟಿ ತುಂಬಿರುವುದನ್ನು ಮೌಲ್ಯಮಾಪಕರು ನೋಡಿ ನೋಡಿ ಬೇಸತ್ತಿದ್ದಾರೆ. ಅದಕ್ಕೆ ಅರ್ಧ ಪುಟ ಸಾಕು. ನಿಮ್ಮ ಪ್ರಶ್ನೆ ಏನು, ದತ್ತಾಂಶ ಎಲ್ಲಿಂದ ಬಂತು, ಯಾವ ವರ್ಷದ್ದು, ಏನು ಮಾಡಿದಿರಿ, ಎಷ್ಟು ನಂಬಬಹುದು ಎಂಬುದನ್ನು ಬರೆಯಿರಿ. ಭೂಬಳಕೆಯ ನಕ್ಷೆ ಮಾಡಿದ್ದರೆ ಯಾದೃಚ್ಛಿಕವಾಗಿ ಆರಿಸಿದ ಕೆಲವು ಜಾಗಗಳನ್ನು ನೆಲದ ಮೇಲೆ ಹೋಗಿ ನೋಡಿ, ನಕ್ಷೆ ಹೇಳಿದ್ದು ಎಷ್ಟು ಕಡೆ ಸರಿಯಿತ್ತು ಎಂದು ಎಣಿಸಿ ಕೊಡಿ. ಪ್ರತಿ ನಕ್ಷೆಯಲ್ಲೂ ಮಾಪಕ, ಸೂಚಿ, ಉತ್ತರ ದಿಕ್ಕು, ಮೂಲ, ದಿನಾಂಕ ಮತ್ತು ಪ್ರಕ್ಷೇಪ ಇರಲಿ.

ಮೇಲ್ವಿಚಾರಕರ ಮೌಲ್ಯಮಾಪನವನ್ನು ಕೊನೆಯ ದಿನ ಕಚೇರಿ ಬಿಡುವ ಮೊದಲೇ ಬರೆಸಿಕೊಳ್ಳಿ. ಆಮೇಲೆ ಅವರು ಪ್ರವಾಸದಲ್ಲಿರಬಹುದು, ವರ್ಗವಾಗಿ ಹೋಗಬಹುದು. ನಿಮ್ಮ ನಂತರ ಬರುವವರಿಗೆ ಅರ್ಥವಾಗುವಂತೆ ಕಡತಗಳಿಗೆ ಹೆಸರಿಟ್ಟು, ಯಾವ ಕಡತದಲ್ಲಿ ಏನಿದೆ ಎಂದು ಒಂದು ಪುಟ ಬರೆದಿಟ್ಟು ಬನ್ನಿ. ಶಿಫಾರಸು ಪತ್ರ ಕೇಳುವಾಗ ಈ ಒಂದು ಪುಟ ನಿಮ್ಮ ಪರವಾಗಿ ಮಾತನಾಡುತ್ತದೆ.

ಫಲಿತಾಂಶ ಬಂದ ವಾರವೇ ಅಂಕಪಟ್ಟಿ ತೆರೆದು ನೋಡಿ: ಕ್ರೆಡಿಟ್ ಸಂಖ್ಯೆ ಸರಿಯಾಗಿದೆಯೇ, ಮುಖ್ಯ ವಿಷಯದ ಅಡಿಯಲ್ಲಿ ಬರಬೇಕಾದದ್ದು ಅಲ್ಲಿಯೇ ಬಂದಿದೆಯೇ? ತಪ್ಪಿದ್ದರೆ ಸಹಿ ಇರುವ ಒಪ್ಪಂದದ ಪ್ರತಿಯೊಂದಿಗೆ ಪರೀಕ್ಷಾ ವಿಭಾಗಕ್ಕೆ ಅಂದೇ ಬರೆಯಿರಿ. ಪದವಿ ಪ್ರಮಾಣಪತ್ರ ಕೈಗೆ ಬರುವವರೆಗೆ ಆ ಪ್ರತಿಯನ್ನು ಎಸೆಯಬೇಡಿ.